ಬೆರಳಿಟ್ಟು ತೋರಿಸಿ

ಸಂಜೆ ಏಳಕ್ಕೆ ನಾನು ರೋಗಿಯಾಗಿ ಕೂರುತ್ತೇನೆ. ಬೆಂಗಳೂರಿನ ಪೂರ್ವದ ಒಂದು ಬಡಾವಣೆ, ಬೇಕರಿಯ ಮೇಲಿನ ಮಹಡಿ. ಕೆಳಗೆ ಒಲೆಯಿಂದ ಬನ್ನು ಇಳಿಸುವ ಹೊತ್ತಿಗೇ ಮೇಲೆ ನಮ್ಮ ಪಾಠ ಶುರು. ಬೆಂದ ಹಿಟ್ಟಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ಹಗಲು ಡ್ಯೂಟಿ ಮುಗಿಸಿ ನೇರ ಇಲ್ಲಿಗೇ ಬಂದ ನರ್ಸ್‌ಗಳ ಕೈಯಿಂದ ಸ್ಯಾನಿಟೈಸರ್ ವಾಸನೆ. ಹದಿನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಬಿಳಿ ಹಲಗೆ, ಮೂಲೆಯಲ್ಲಿ ಊಟದ ಡಬ್ಬಿಗಳ ಚೀಲಗಳು. ಕೂತ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಶೂಗಳಿಂದ ಪಾದ ಬಿಡಿಸಿಕೊಳ್ಳುವುದು. ಹನ್ನೆರಡು ತಾಸು ನಿಂತ ಕಾಲುಗಳವು. ಸಾಕ್ಸಿನ ಪಟ್ಟಿ ಕಣಕಾಲಿನ ಮೇಲೆ ಬಳೆಯ ಹಾಗೆ ಅಚ್ಚೊತ್ತಿರುತ್ತದೆ.

ಆವತ್ತು ನನ್ನೆದುರು ಕೂತವಳು ರಾಣೆಬೆನ್ನೂರಿನ ಕಡೆಯ ಹುಡುಗಿ. ಒಂದು ಜಿಲ್ಲಾ ಕೇಂದ್ರದ ಕ್ಯಾಜುವಾಲ್ಟಿಯಲ್ಲಿ ನಾಲ್ಕು ವರ್ಷ ದುಡಿದು, ಬ್ರಿಟನ್ನಿಗೆ ಹೋಗಬೇಕೆಂದು ಬೆಂಗಳೂರಿಗೆ ಬಂದವಳು. ಅವಳ ಕೈಯಲ್ಲಿ ಒಂದು ಚೀಟಿ: ಸ್ಥಳ, ತುರ್ತು ವಿಭಾಗ. ರೋಗಿ, 58 ವರ್ಷದ ಗಂಡಸು; ಬೆಳಗಿನಿಂದ ಎದೆಯಲ್ಲಿ ಏನೋ ತೊಂದರೆ. ಓದಿಕೊಳ್ಳಲು 3 ನಿಮಿಷ, ಮಾತಾಡಲು 5 ನಿಮಿಷ. ನನ್ನ ಕೈಯಲ್ಲೂ ಒಂದು ಚೀಟಿ ಇದೆ. ಅದನ್ನು ಬರೆದವನು ನಾನೇ: 'ನಿನಗೆ ನೋವಿಲ್ಲ, ಬಿಗಿತ ಇದೆ. ಕೇಳಿದರೆ ಮಾತ್ರ ಹೇಳು.'

ಅವಳು ಬೆನ್ನು ನೆಟ್ಟಗೆ ಮಾಡಿ ಕೇಳಿದಳು: 'ಡು ಯು ಹ್ಯಾವ್ ಎನಿ ಚೆಸ್ಟ್ ಪೇನ್?'

'ನೋ,' ಎಂದೆ.

ಅವಳು ಚೀಟಿ ನೋಡಿದಳು. ನನ್ನನ್ನು ನೋಡಿದಳು. ಎದೆನೋವಿಲ್ಲ ಅಂದಮೇಲೆ ಮುಂದಿನ ಪ್ರಶ್ನೆ ಏನು? ಗಡಿಯಾರದ ಮುಳ್ಳು ಓಡುತ್ತಿತ್ತು. 'ಎನಿ ಅದರ್ ಕಂಪ್ಲೇಂಟ್?' ಎಂದಳು. 'ನಥಿಂಗ್ ಮಚ್,' ಎಂದೆ. ಅಲ್ಲಿಗೆ ಮಾತು ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಪೆನ್ನಿನ ಗುಂಡಿ ಒತ್ತಿ ಬಿಡುವ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು.

ನಾನು ಚೀಟಿ ಕೆಳಗಿಟ್ಟು ಕೇಳಿದೆ, 'ಇಂಗ್ಲಿಷ್ ಬಿಡಮ್ಮ. ನಿಮ್ಮೂರ ಕಡೆಯ ಒಬ್ಬ ಗೌಡ್ರು ಹಿಂಗೇ ಬಂದು ಕೂತರೆ ಏನು ಕೇಳ್ತೀಯ?'

ಅವಳ ಭುಜ ಇಳಿಯಿತು, ದನಿಯೂ ಇಳಿಯಿತು. 'ಏನ್ ಆಗಾಕ್ಹತ್ತೇತ್ರೀ ಯಜ್ಜಾ, ಅಂತೀನಿ ಸರ್. ನೋವಿಲ್ಲವ್ವಾ, ಎದಿ ಮ್ಯಾಲ ಕಲ್ಲ ಹೇರಿದಂಗ ಆಗೇತಿ ಅಂತಾರ. ಎಲ್ಲಿ, ತೋರಸ್ರಿ ಅಂತೀನಿ. ಒಂದ ಬಳ್ಳಿಂದ ತೋರಿಸಿದ್ರ ಸ್ವಲ್ಪ ಸಮಾಧಾನ. ಮುಷ್ಟಿ ಕಟ್ಟಿ ಎದಿ ಮ್ಯಾಲ ಇಟ್ರ, ನಾ ಮಾತಾಡಕೋಂತ ನಿಂದ್ರಂಗಿಲ್ಲ ಸರ್, ಇಸಿಜಿ ಮಷಿನ್ ಎಳಕೊಂಡ ಬರ್ತೀನಿ.'

ತರಗತಿಯಲ್ಲಿ ಸದ್ದಿಲ್ಲ. ಆ ಮುಷ್ಟಿಗೆ ವೈದ್ಯಪುಸ್ತಕದಲ್ಲಿ ಒಂದು ಹೆಸರಿದೆ, ಲೆವಿನ್‌ನ ಗುರುತು ಅಂತ. ಅವಳಿಗೆ ಆ ಹೆಸರು ಗೊತ್ತಿರಲಿಲ್ಲ, ಗುರುತು ಗೊತ್ತಿತ್ತು. ಎದೆಯ ತೊಂದರೆ ಎಂದು ಬಂದವರಿಗೆ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುವುದು ಜಗತ್ತಿನ ಎಲ್ಲ ಕಡೆ ಒಪ್ಪಿದ ಮಾತು. ಆ ಹತ್ತು ನಿಮಿಷವನ್ನು ತಿನ್ನುವುದೂ ಉಳಿಸುವುದೂ ಒಂದು ಪ್ರಶ್ನೆ. ಹೃದಯಾಘಾತದ ಎಷ್ಟೋ ರೋಗಿಗಳು ಅದನ್ನು ನೋವು ಎಂದು ಕರೆಯುವುದೇ ಇಲ್ಲ. ಭಾರ, ಬಿಗಿತ, ಹಿಂಡಿದ ಹಾಗೆ, ಪಟ್ಟಿ ಕಟ್ಟಿ ಎಳೆದ ಹಾಗೆ. ಸಕ್ಕರೆ ಕಾಯಿಲೆಯವರು, ವಯಸ್ಸಾದವರು, ಹೆಂಗಸರು ಬರೀ ಸುಸ್ತು ಅನ್ನಬಹುದು, ಗ್ಯಾಸು ಅನ್ನಬಹುದು. ಇಂಗ್ಲಿಷಿನವರೂ ಹಾಗೆಯೇ. ಎದೆ ಮೇಲೆ ಆನೆ ಕೂತಂತಿದೆ ಅನ್ನುತ್ತಾರೆ. ನೋವಿದೆಯೇ ಎಂದರೆ ಇಲ್ಲ ಅನ್ನುತ್ತಾರೆ. ಅವರ ಆನೆಯೂ ನಮ್ಮ ಯಜ್ಜನ ಕಲ್ಲೂ ಒಂದೇ. ಅವಳಿಗೆ ನಾನು ಕಲಿಸಬೇಕಾಗಿದ್ದದ್ದು ಅಷ್ಟೇ: 'ಎನಿ ಟೈಟ್‌ನೆಸ್? ಎನಿ ಹೆವಿನೆಸ್? ಶೋ ಮಿ ವೇರ್.' ಬೆರಳಿಟ್ಟು ತೋರಿಸಿ.

ತುರ್ತು ವಿಭಾಗದ ಬಾಗಿಲಲ್ಲಿ ಕೂರುವ ಈ ನರ್ಸ್‌ನ ಕೆಲಸಕ್ಕೆ ಟ್ರಯಾಜ್ ಎನ್ನುತ್ತಾರೆ. ಆರಿಸು, ಬೇರ್ಪಡಿಸು ಎಂಬ ಅರ್ಥದ ಫ್ರೆಂಚ್ ಮಾತು. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆ ಗಾಯಾಳುಗಳನ್ನು ಹುದ್ದೆ ನೋಡದೆ ಗಾಯ ನೋಡಿ ಸಾಲು ಮಾಡಿದ. ಸಿಪಾಯಿಯ ಕಾಲು ಮೊದಲು, ಸೇನಾಪತಿಯ ತರಚು ಆಮೇಲೆ. ಇವತ್ತು ಬ್ರಿಟನ್ನಿನ ಬಹಳಷ್ಟು ಆಸ್ಪತ್ರೆಗಳಲ್ಲಿ 1990ರ ದಶಕದಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪುಗೊಂಡ ಐದು ಬಣ್ಣಗಳ ಪದ್ಧತಿ ಇದೆ. ಕೆಂಪು ಎಂದರೆ ಈ ಕ್ಷಣ. ಕಿತ್ತಳೆ 10 ನಿಮಿಷ, ಹಳದಿ 60, ಹಸಿರು 120, ನೀಲಿ 240. ನಾನು ತರಗತಿಯಲ್ಲಿ ಐದು ಬಣ್ಣದ ರಟ್ಟು ಇಟ್ಟುಕೊಂಡಿದ್ದೇನೆ. ಮಾತುಕತೆ ಮುಗಿದ ಮೇಲೆ ಒಂದನ್ನು ಎತ್ತಿ ಹಿಡಿಯಬೇಕು. ಒಂದು ಶಬ್ದ ಆಚೀಚೆಯಾದರೆ ಕಿತ್ತಳೆಯಾಗಬೇಕಾದದ್ದು ಹಸಿರಾಗುತ್ತದೆ, ಹತ್ತು ನಿಮಿಷ ಎರಡು ತಾಸಾಗುತ್ತದೆ.

ಅಂಥ ಒಂದು ಶಬ್ದ 'ಕೈ'.

ಕನ್ನಡದಲ್ಲಿ ಹೆಗಲಿನಿಂದ ಬೆರಳ ತುದಿಯವರೆಗೂ ಕೈ. ತೋಳು, ರಟ್ಟೆ, ಮೊಣಕೈ, ಮುಂಗೈ, ಅಂಗೈ ಎಲ್ಲ ಇವೆ. ಆದರೆ ನೋವಾದಾಗ ನಾವು ಕೈನೋವು ಎಂದೇ ಅನ್ನುತ್ತೇವೆ. ತೊಡೆಯಿಂದ ಪಾದದವರೆಗೂ ಕಾಲೇ. ಇಂಗ್ಲಿಷಿನಲ್ಲಿ ಹ್ಯಾಂಡ್ ಬೇರೆ, ಆರ್ಮ್ ಬೇರೆ. ಫುಟ್ ಬೇರೆ, ಲೆಗ್ ಬೇರೆ. ಹ್ಯಾಂಡ್ ಪೇನ್ ಎಂದು ಬರೆದರೆ ರೋಗಿ ಎಕ್ಸ್‌ರೇ ಕೋಣೆಯ ಬೆಂಚಿನ ಮೇಲೆ ಕಾಯುತ್ತಾನೆ. ಲೆಫ್ಟ್ ಆರ್ಮ್ ಎಂದು ಬರೆದರೆ ಎಲ್ಲರ ಕಿವಿಯೂ ನಿಮಿರುತ್ತದೆ.

ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ನಮ್ಮ ತಂದೆಯವರನ್ನು ಒಂದು ರಾತ್ರಿ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿದ್ದೆ. ಯಾವ ಆಸ್ಪತ್ರೆ ಎನ್ನುವುದು ಬೇಡ. ಬಾಗಿಲಲ್ಲಿದ್ದ ನರ್ಸ್ ಬೇರೆ ರಾಜ್ಯದಿಂದ ಬಂದು ತಿಂಗಳಾಗಿತ್ತೋ ಏನೋ, ಚಿಕ್ಕ ಹುಡುಗಿ. ಅಪ್ಪ ಎಡಗೈ ಹಿಡಿದುಕೊಂಡು 'ಕೈ ಸೆಳೀತಿದೆ, ಬೆವರು ಬರ್ತಿದೆ' ಅಂದರು. ನಾನು, ಇಂಗ್ಲಿಷ್ ಮೇಷ್ಟರು, ಗಡಿಬಿಡಿಯಲ್ಲಿ 'ಹ್ಯಾಂಡ್ ಪೇನ್' ಎಂದು ಭಾಷಾಂತರ ಮಾಡಿದೆ. ಆ ಹುಡುಗಿ ಅದನ್ನೇ ಬರೆದುಕೊಂಡಳು. ಮುಕ್ಕಾಲು ಗಂಟೆ ನಾವು ಬೆಂಚಿನ ಮೇಲೆ ಕೂತಿದ್ದೆವು. ಅಪ್ಪನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹಾದುಹೋಗುತ್ತಿದ್ದ ಒಬ್ಬ ಹಿರಿಯ ಸಿಸ್ಟರ್ ಆ ಅಂಗಿ ನೋಡಿ ನಿಂತರು. 'ಏನಾಗ್ತಿದೆ ಯಜಮಾನ್ರೆ?' ಎಂದು ಕೇಳಿ, ಉತ್ತರ ಪೂರ್ತಿಯಾಗುವ ಮೊದಲೇ ವೀಲ್‌ಚೇರ್ ಎಳೆದುಕೊಂಡರು. ಅಪ್ಪ ಉಳಿದರು, ಅದಾದ ಮೇಲೆ ಒಂಬತ್ತು ದೀಪಾವಳಿ ಕಂಡರು. ಆ ಚಿಕ್ಕ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ಶಬ್ದ ಕೊಟ್ಟವನು ನಾನು. ಆದರೆ ಆ ಮುಕ್ಕಾಲು ಗಂಟೆಯನ್ನು ಮರೆತಿಲ್ಲ. ಶಾಲೆಯ ಮಕ್ಕಳಿಗೆ ವ್ಯಾಕರಣ ಹೇಳಿಕೊಡುತ್ತಿದ್ದವನು ಈ ಬೇಕರಿಯ ಮಹಡಿ ಹತ್ತಿದ್ದು ಅದರ ದೆಸೆಯಿಂದಲೇ.

ನೋವಿನ ಶಬ್ದಗಳನ್ನು ಕೂಡಿಸುವ ಕೆಲಸವನ್ನು ಒಬ್ಬರು ಶ್ರದ್ಧೆಯಿಂದ ಮಾಡಿದ್ದಾರೆ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 78 ಶಬ್ದಗಳಿವೆ, 20 ಗುಂಪುಗಳಲ್ಲಿ. ಮಿಡಿಯುವ ನೋವು, ಇರಿಯುವ ನೋವು, ಕೊರೆಯುವ ನೋವು, ಸುಡುವ ನೋವು. ರೋಗಿ ಯಾವ ಶಬ್ದ ಆರಿಸುತ್ತಾನೆ ಎನ್ನುವುದೇ ನೋವಿನ ಮೂಲದ ಕಡೆ ಕೈ ತೋರಿಸುತ್ತದೆ ಎಂಬುದು ಅವರ ಗ್ರಹಿಕೆ. ಹಲಗೆಯ ಮೇಲೆ ನಾನು ಆ ಇಂಗ್ಲಿಷ್ ಶಬ್ದಗಳನ್ನು ಬರೆದಾಗ ತರಗತಿ ಬಗ್ಗಿ ನಕಲು ಮಾಡಿಕೊಂಡಿತು, ಬಾಯಿಪಾಠ ಮಾಡಿತು, ಮರುದಿನ ಮರೆತಿತು. ಆಗ ಹಲಗೆಯ ಎಡಭಾಗ ಖಾಲಿ ಮಾಡಿ, 'ನಿಮ್ಮ ನಿಮ್ಮ ಮನೆಯಲ್ಲಿ ಏನಂತೀರಿ, ಅದನ್ನ ಮೊದಲು ಬರೆಯಿರಿ' ಎಂದೆ.

ಅರ್ಧ ಗಂಟೆಯಲ್ಲಿ ಎಡಭಾಗದಲ್ಲಿ ಜಾಗ ಸಾಲದಾಯಿತು. ತಲೆ ಸಿಡಿಯುತ್ತದೆ, ಹಲ್ಲು ಸೆಳೆಯುತ್ತದೆ, ಹೊಟ್ಟೆ ನುಲಿಯುತ್ತದೆ, ಹೊಟ್ಟೆ ತೊಳಸುತ್ತದೆ, ಗಾಯ ಚುರುಗುಟ್ಟುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಕಾಲು ಹರಿಯುತ್ತದೆ, ಕೈ ಜೋಮು ಹಿಡಿಯುತ್ತದೆ, ಬೆನ್ನಲ್ಲಿ ಚಳುಕು ಹೊಡೆಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಮಂಗಳೂರಿನವಳೊಬ್ಬಳು, ಕೊಳ್ಳೇಗಾಲದವನೊಬ್ಬ, ಬೀದರಿನವಳೊಬ್ಬಳು, ಒಬ್ಬೊಬ್ಬರದೂ ಒಂದೊಂದು. ಆಮೇಲೆ ಬಲಭಾಗಕ್ಕೆ ಹೋದೆವು. ಸಿಡಿತಕ್ಕೆ ಥ್ರಾಬಿಂಗ್. ನುಲಿತಕ್ಕೆ ಕ್ರ್ಯಾಂಪ್. ಜೋಮಿಗೆ ಪಿನ್ಸ್ ಅಂಡ್ ನೀಡಲ್ಸ್. ಚಳುಕು ಸಣ್ಣದಾದರೆ ಟ್ವಿಂಜ್, ಕಾಲಿನವರೆಗೂ ಓಡಿದರೆ ಶೂಟಿಂಗ್. ರಾಣೆಬೆನ್ನೂರಿನ ಹುಡುಗಿ ಇದನ್ನೆಲ್ಲ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಳು, ಜಮಾ-ಖರ್ಚಿನ ಗೆರೆ ಹಾಕಿದ ಪುಸ್ತಕ. ಅವಳಪ್ಪನ ಕಿರಾಣಿ ಅಂಗಡಿಯದು. ಜಮಾ ಕಡೆ ಕನ್ನಡ, ಖರ್ಚಿನ ಕಡೆ ಇಂಗ್ಲಿಷ್. ಮರುದಿನ ಯಾರೂ ಮರೆತಿರಲಿಲ್ಲ.

ಇವರಿಗೆ ಇಂಗ್ಲಿಷ್ ಬರುವುದಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಾಲ್ಕು ವರ್ಷ ಇಂಗ್ಲಿಷ್ ಪುಸ್ತಕಗಳನ್ನೇ ಓದಿ ಪದವಿ ಪಡೆದವರು. ಡಿಸ್ಪ್ನಿಯಾ ಗೊತ್ತು, ಮಿಕ್ಚುರಿಷನ್ ಗೊತ್ತು, ಸಿಂಕಪಿ ಗೊತ್ತು. ಆದರೆ ಗ್ಲಾಸ್ಗೋದ ಬಸ್ ಡ್ರೈವರ್ ಇವುಗಳಲ್ಲಿ ಒಂದನ್ನೂ ಆಡುವುದಿಲ್ಲ. ಅವನು 'ಔಟ್ ಆಫ್ ಬ್ರೆತ್' ಅನ್ನುತ್ತಾನೆ, 'ಪಾಸ್ಡ್ ಔಟ್' ಅನ್ನುತ್ತಾನೆ, 'ಥ್ರೋಯಿಂಗ್ ಅಪ್' ಅನ್ನುತ್ತಾನೆ. ಪುಟ್ಟ ಪುಟ್ಟ ಕ್ರಿಯಾಪದಕ್ಕೆ ಒಂದು ಬಾಲ. ಈ ಬಾಲದ ಮಾತುಗಳನ್ನು ಕಲಿಯುವುದೇ ಕಷ್ಟ ಎನ್ನುತ್ತಾರೆ ಮೇಷ್ಟರುಗಳು. ನನಗೆ ಹಾಗೆ ಅನ್ನಿಸಿಲ್ಲ. ನಮ್ಮಲ್ಲಿ ಜ್ವರ ಬರುತ್ತದೆ, ಬಿಡುತ್ತದೆ. ಹೊಟ್ಟೆನೋವು ಏಳುತ್ತದೆ, ಇಳಿಯುತ್ತದೆ. ಕಾಯಿಲೆಗೆ ಕಾಲು ಕೊಟ್ಟು ನಡೆಸುವ ಭಾಷೆ ನಮ್ಮದು. 'ವಾಟ್ ವಾಸ್ ದಿ ಆನ್‌ಸೆಟ್ ಆಫ್ ಯುವರ್ ಸಿಂಪ್ಟಮ್ಸ್' ಎಂದು ಕೇಳುವವರಿಗೆ 'ವೆನ್ ಡಿಡ್ ಇಟ್ ಕಮ್ ಆನ್?' ಹೇಳಿಕೊಟ್ಟರೆ ಮುಖ ಅರಳುತ್ತದೆ. ಯಾವಾಗ ಬಂತು? ಇಷ್ಟೇನಾ ಸರ್? ಇಷ್ಟೇ.

ನಿಜವಾದ ಅಪಾಯ ಇರುವುದು ಯಾರೂ ಪಾಠವೆಂದು ಎಣಿಸದ ಒಂದು ಜಾಗದಲ್ಲಿ. 'ಬೆಳಿಗ್ಗೆಯಿಂದ ಏನೂ ತಿಂದಿಲ್ವಾ?' ಎಂದು ಕನ್ನಡದಲ್ಲಿ ಕೇಳಿದರೆ 'ಹೌದು' ಎನ್ನುತ್ತೇವೆ; ಹೌದು, ತಿಂದಿಲ್ಲ ಎಂದು ಅರ್ಥ. ಇಂಗ್ಲಿಷಿನವನು ಅದೇ ಅರ್ಥಕ್ಕೆ 'ನೋ' ಎನ್ನುತ್ತಾನೆ. 'ಯು ಹ್ಯಾವಂಟ್ ಈಟನ್?' ಎಂದು ನಮ್ಮ ನರ್ಸ್ ಕೇಳಿ, ರೋಗಿ 'ನೋ' ಎಂದು, ಇವಳು ಅದನ್ನು ನಮ್ಮ ಲೆಕ್ಕದಲ್ಲಿ ತಿರುಗಿಸಿ 'ಇಲ್ಲ, ತಿಂದಿದ್ದಾನೆ' ಎಂದು ಬರೆದರೆ? ಶಸ್ತ್ರಚಿಕಿತ್ಸೆಗೆ ಒಯ್ಯುವ ರೋಗಿಯ ಹೊಟ್ಟೆ ಖಾಲಿ ಇದೆಯೋ ಇಲ್ಲವೋ ಎನ್ನುವುದು ಸಣ್ಣ ವಿಷಯವಲ್ಲ. ಅಲರ್ಜಿಯೂ ಅಷ್ಟೇ. ಅದಕ್ಕೇ ನನ್ನ ತರಗತಿಯಲ್ಲಿ ಇಲ್ಲ ಎಂಬುದನ್ನು ಒಳಗಿಟ್ಟುಕೊಂಡ ಪ್ರಶ್ನೆಗೆ ಜಾಗವಿಲ್ಲ. ಕೊನೆಯ ಸಲ ಏನು ತಿಂದಿರಿ, ಎಷ್ಟು ಹೊತ್ತಿಗೆ? ಯಾವ ಔಷಧಿ ಆಗಿಬರುವುದಿಲ್ಲ, ತಗೊಂಡರೆ ಏನಾಗುತ್ತದೆ? ಹೌದು-ಇಲ್ಲಗಳಿಗೆ ಬಿಡದೆ ರೋಗಿಯ ಬಾಯಿಂದಲೇ ವಾಕ್ಯ ಬರಿಸಬೇಕು. ಪಾರ್ಶ್ವವಾಯುವಿನ ರೋಗಿಯ ಮನೆಯವರನ್ನು ಯಾವಾಗ ಶುರುವಾಯಿತು ಎಂದು ಕೇಳಿದರೆ 'ಬೆಳಿಗ್ಗೆ ಎದ್ದಾಗ' ಎನ್ನುತ್ತಾರೆ. ಕೇಳಬೇಕಾದದ್ದು, ಕೊನೆಯ ಸಲ ಚೆನ್ನಾಗಿದ್ದದ್ದನ್ನು ನೋಡಿದ್ದು ಯಾವಾಗ? ಹೆಪ್ಪು ಕರಗಿಸುವ ಔಷಧಿಗೆ ನಾಲ್ಕೂವರೆ ತಾಸಿನ ಮಿತಿ. ಎಣಿಕೆ ಶುರುವಾಗುವುದು ಆ ಗಳಿಗೆಯಿಂದ, ಎದ್ದ ಗಳಿಗೆಯಿಂದಲ್ಲ.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳಲಾರೆ. ಒಇಟಿ ಎಂದು ಹೆಸರು. 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಟಿಮ್ ಮೆಕ್‌ನಮಾರಾ ಎಂಬ ಭಾಷಾವಿಜ್ಞಾನಿ ರೂಪಿಸಿದ್ದು, ಆರೋಗ್ಯ ಕೆಲಸದವರಿಗೆಂದೇ. ಕೇಳುವುದು, ಓದುವುದು, ಮಾತಾಡುವುದರಲ್ಲಿ 350, ಬರೆಯುವುದರಲ್ಲಿ 300 ಬಂದರೆ ಬ್ರಿಟನ್ನಿನ ನರ್ಸಿಂಗ್ ಮಂಡಳಿಗೆ ಸಾಕು. 2018ರಿಂದ ಮಾತಿನ ಪರೀಕ್ಷೆಯಲ್ಲಿ ಉಚ್ಚಾರ, ವ್ಯಾಕರಣಗಳ ಜೊತೆಗೆ ರೋಗಿಯ ಮಾತಿಗೆ ಕಿವಿಗೊಟ್ಟೆಯಾ, ಅವನ ಆತಂಕ ಹಿಡಿದೆಯಾ ಎನ್ನುವುದಕ್ಕೂ ಅಂಕ ಇದೆ. ಅದು ಒಳ್ಳೆಯದಾಯಿತು. ರಾಣೆಬೆನ್ನೂರಿನವಳು ಎರಡನೇ ಸಲಕ್ಕೆ ಪಾಸಾದಳು. ವಿಮಾನ ಹತ್ತುವ ಹಿಂದಿನ ದಿನ ಬಂದು, ಲೆಕ್ಕದ ಪುಸ್ತಕದಲ್ಲಿ ಇನ್ನೂ ಅರ್ಧದಷ್ಟು ಹಾಳೆಗಳು ಖಾಲಿ ಇವೆ ಎಂದು ತೋರಿಸಿ ಹೋದಳು.

ಆ ಖಾಲಿ ಹಾಳೆಗಳು ಗ್ಲಾಸ್ಗೋದಲ್ಲಿ ತುಂಬತೊಡಗಿದವು. ಭಾನುವಾರ ಅಲ್ಲಿಯ ಮಧ್ಯಾಹ್ನ, ಇಲ್ಲಿಯ ಸಂಜೆ, ಫೋನು. ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ, ಕಿಟಕಿಗೆ ಬಡಿಯುವ ಮಳೆ.

'ಸರ್, ಇಲ್ಲಿ ಸಿಕ್ ಅಂದ್ರ ಕಾಯಿಲೆ ಅಲ್ಲ, ವಾಂತಿ.' ಮೊದಲ ವಾರ ಒಬ್ಬ ಹೆಂಗಸು ತನ್ನ ಗಂಡನಿಗೆ ನಾಲ್ಕು ಸಲ ಸಿಕ್ ಆಯಿತು ಎಂದಾಗ ಇವಳು ನಾಲ್ಕು ಸಲ ಕಾಯಿಲೆ ಬಿದ್ದಿದ್ದ ಎಂದುಕೊಂಡಿದ್ದಳು. ಪಕ್ಕದಲ್ಲಿದ್ದ ಸಹೋದ್ಯೋಗಿ ತಿದ್ದಿದಳು. ಆಮೇಲೆ ಇವಳು ಕೇಳಿದ ಮುಂದಿನ ಪ್ರಶ್ನೆ, ಬಣ್ಣ ಹೇಗಿತ್ತು? ಕಾಫಿ ಚರಟದ ಹಾಗೆ ಇತ್ತಂತೆ. ಹೊಟ್ಟೆಯೊಳಗೆ ರಕ್ತ ಒಸರಿದರೆ ವಾಂತಿ ಹಾಗೆ ಕಾಣುತ್ತದೆ, ಇಂಗ್ಲಿಷಿನಲ್ಲೂ ಅದಕ್ಕೆ ಕಾಫಿ ಚರಟವೆಂದೇ ಹೆಸರು. ಕಿತ್ತಳೆ ಬಣ್ಣ, ತಕ್ಷಣ ಒಳಗೆ. 'ಚರಟ ಅಂದ ಕೂಡಲೇ ನಮ್ಮವ್ವನ ಫಿಲ್ಟರ್ ನೆನಪಾತು ಸರ್' ಎಂದಳು.

ಸಿಸ್ಟರ್ ಎಂದು ಯಾರೂ ಕರೆಯುವುದಿಲ್ಲ. ಅಲ್ಲಿ ಸಿಸ್ಟರ್ ಎಂದರೆ ಮೇಲಿನ ಹುದ್ದೆ. ಇವಳನ್ನು ಎಲ್ಲರೂ ಹೆನ್ ಎನ್ನುತ್ತಾರೆ. ಗ್ಲಾಸ್ಗೋದಲ್ಲಿ ಅದು ತಂಗೀ, ಮಗಳೇ ಎಂದ ಹಾಗೆ. ಬಿಳಿಚಿಕೊಂಡು ಸೊರಗಿದವರಿಗೆ ಪೀಲಿ-ವಾಲಿ. ಕಂಕುಳಿಗೆ ಆಕ್ಸ್ಟರ್. ಓಕರಿಕೆಗೆ ಬೋಕ್. 'ಇವು ಯಾವ ಪರೀಕ್ಷೆಯಲ್ಲೂ ಬರಲಿಲ್ಲ ಸರ್.' ಬರುವುದಿಲ್ಲ ನಿಜ. ಹುಬ್ಬಳ್ಳಿಗೆ ಹೋದ ಮಂಗಳೂರಿನ ನರ್ಸ್‌ಗೂ ಹೀಗೇ ಆಗುತ್ತದೆ, ಆಕೆಯೂ ತನ್ನ ಪುಸ್ತಕ ತಾನೇ ಬರೆದುಕೊಳ್ಳಬೇಕು.

ಆ ಊರಿನದೇ ಒಂದು ಅಳತೆಗೋಲು ಜಗತ್ತಿನ ಎಲ್ಲ ತುರ್ತು ವಿಭಾಗಗಳಲ್ಲೂ ಇದೆ. 1974ರಲ್ಲಿ ಗ್ರಹಾಂ ಟೀಸ್ಡೇಲ್ ಮತ್ತು ಬ್ರಯನ್ ಜೆನೆಟ್ ಅಲ್ಲಿ ರೂಪಿಸಿದ ಗ್ಲಾಸ್ಗೋ ಕೋಮಾ ಸ್ಕೇಲ್. ಕಣ್ಣು, ಮಾತು, ಚಲನೆ ಸೇರಿ 15 ಅಂಕ. ಅದರಲ್ಲಿ ಮಾತಿಗೆ 5. ಎಲ್ಲಿದ್ದೀರಿ, ಇದು ಯಾವ ತಿಂಗಳು ಎಂದರೆ ಸರಿಯಾಗಿ ಹೇಳುವವನಿಗೆ 5, ಗೊಂದಲದಲ್ಲಿ ಹೇಳುವವನಿಗೆ 4. ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಒಬ್ಬ ಮುದುಕ ಏನೇನೋ ತೊದಲುತ್ತಿದ್ದಾನೆಂದು ಇವಳು 4 ಹಾಕಲು ಪೆನ್ನು ಎತ್ತಿದ್ದಳಂತೆ. ಪಕ್ಕದವಳು ಕೈ ತಡೆದು, ಅವನು ಸರಿಯಾಗೇ ಹೇಳುತ್ತಿದ್ದಾನೆ, ಅದು ನಮ್ಮೂರ ಮಾತು ಎಂದಳು. 5. ಅದೇ ತಿಂಗಳು ಮಗನ ಮನೆಗೆ ಬಂದಿದ್ದ ಒಬ್ಬ ಭಾರತದ ಅಜ್ಜಿಗೆ ಯಾರೋ 4 ಹಾಕಿದ್ದರು. ಆಕೆಗೆ ಗೊಂದಲ ಇರಲಿಲ್ಲ, ಇಂಗ್ಲಿಷ್ ಇರಲಿಲ್ಲ. ಇವಳು ಫೋನಿನಲ್ಲಿ ದುಭಾಷಿಯನ್ನು ಕರೆಸಿ ಮತ್ತೆ ಕೇಳಿದಳು. ಅಜ್ಜಿ ತಿಂಗಳನ್ನಷ್ಟೇ ಅಲ್ಲ, ತಿಥಿಯನ್ನೂ ಹೇಳಿದಳಂತೆ.

ನೋವಿಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎನ್ನುವ ಪ್ರಶ್ನೆ ಎರಡೂ ಕಡೆ ಇದೆ, ಎರಡೂ ಕಡೆ ತೊಡಕೇ. ನಮ್ಮ ಹಳ್ಳಿಯವರು ಹತ್ತಕ್ಕೆ ಒಗ್ಗುವುದಿಲ್ಲ. ರೂಪಾಯಿಗೆ ಎಂಟಾಣೆ ಇಳಿದಿದೆ ಅನ್ನುತ್ತಾರೆ, ಆ ಆಣೆ ನೋವಿನಲ್ಲಿ ಮಾತ್ರ ಇನ್ನೂ ಚಲಾವಣೆಯಲ್ಲಿದೆ. ಅಲ್ಲಿಯ ಮುದುಕರು ಸೊಂಟದ ಮೂಳೆ ಮುರಿದು ಮಲಗಿದ್ದರೂ 'ನಾಟ್ ಟೂ ಬ್ಯಾಡ್, ಹೆನ್' ಅನ್ನುತ್ತಾರೆ. ಅವಳು ಆ ಮಾತನ್ನು ಕೇಳಿ, ಹೊದಿಕೆಯ ಅಂಚನ್ನು ಹಿಡಿದ ಕೈ ನೋಡುತ್ತಾಳೆ. ಬೆರಳ ಗೆಣ್ಣು ಬಿಳುಪಾಗಿದ್ದರೆ ಅದೇ ಅಂಕ.

ವೈದ್ಯರಿಗೆ ಫೋನು ಮಾಡುವುದನ್ನು ಕಲಿಯಲು ಅವಳಿಗೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಇಲ್ಲಿ 'ಸರ್, ಪೇಷಂಟ್ ಯಾಕೋ ಸರಿ ಇಲ್ಲ, ಸ್ವಲ್ಪ ಬರ್ತೀರಾ' ಎಂದು ತಗ್ಗಿದ ದನಿಯಲ್ಲಿ ಕೇಳಿ ಅಭ್ಯಾಸ. ಅಲ್ಲಿ ನಾಲ್ಕು ಮೆಟ್ಟಿಲು: ಈಗ ಏನಾಗಿದೆ, ಹಿನ್ನೆಲೆ ಏನು, ನಾನು ಏನು ಕಂಡೆ, ನೀವು ಏನು ಮಾಡಬೇಕು. ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಕ್ರಮವಿದು, ಎಸ್‌ಬಾರ್ ಎನ್ನುತ್ತಾರೆ. ಉಸಿರಾಟ, ಆಮ್ಲಜನಕ, ನಾಡಿ, ರಕ್ತದೊತ್ತಡ, ಎಚ್ಚರ, ಜ್ವರ ಸೇರಿಸಿದ ಎಚ್ಚರಿಕೆಯ ಅಂಕ 7 ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರು ಬರಲೇಬೇಕು. 'ಸ್ಕೋರ್ ಎಂಟು. ನೀವು ಈಗ ಬಂದು ನೋಡಬೇಕು' ಎಂದು ಮೊದಲ ಸಲ ಹೇಳಿದ ರಾತ್ರಿ ಅವಳ ಕೈ ನಡುಗುತ್ತಿತ್ತಂತೆ. ನಾಲ್ಕನೇ ಮೆಟ್ಟಿಲನ್ನು ಹತ್ತಲು ವ್ಯಾಕರಣ ಸಾಲದು. ನಮ್ಮ ವಾರ್ಡುಗಳಲ್ಲಿ ನರ್ಸ್‌ಗಳ ದನಿಯನ್ನು ನಾವು ಎಷ್ಟು ವರ್ಷ ತಗ್ಗಿಸಿಟ್ಟಿದ್ದೇವೆ ಎಂದು ಆವತ್ತು ನನಗೆ ತುಂಬ ನೋವಾಯಿತು.

ಎಲ್ಲ ಪ್ರಶ್ನೆಗಳಿಗೂ ಮೊದಲು ಬರುವ ವಾಕ್ಯವನ್ನು ಅವಳಿಗೆ ನಾನು ಕಲಿಸಿರಲಿಲ್ಲ, ಅಲ್ಲಿಯೇ ಕಲಿತಳು: 'ಹಲೋ, ಮೈ ನೇಮ್ ಈಸ್...' ಯಾರ್ಕ್‌ಶೈರಿನ ವೈದ್ಯೆ ಕೇಟ್ ಗ್ರ್ಯಾಂಜರ್ ಕ್ಯಾನ್ಸರಿನಿಂದ ತಾವೇ ರೋಗಿಯಾಗಿ ಮಲಗಿದ್ದಾಗ, ಹಾಸಿಗೆಯ ಬಳಿ ಬಂದವರು ತಮ್ಮ ಹೆಸರನ್ನೇ ಹೇಳದಿರುವುದನ್ನು ಗಮನಿಸಿ 2013ರಲ್ಲಿ ಶುರು ಮಾಡಿದ ಚಳವಳಿ ಅದು. 2016ರಲ್ಲಿ ಆಕೆ ತೀರಿಕೊಂಡರು. ಈಗ ನನ್ನ ತರಗತಿಯ ಪ್ರತಿ ಆಟವೂ ಆ ವಾಕ್ಯದಿಂದಲೇ ಶುರು. ಕನ್ನಡದಲ್ಲೂ ಒಮ್ಮೆ ಹೇಳಿಸುತ್ತೇನೆ. 'ನಮಸ್ಕಾರ, ನನ್ನ ಹೆಸರು...' ನಾಚಿಕೊಳ್ಳುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬ ರೋಗಿಗೂ ಹೆಸರು ಹೇಳಿಲ್ಲ ಸರ್, ಯಾರೂ ಕೇಳಿಲ್ಲ, ಎನ್ನುತ್ತಾರೆ.

ಒಂದು ಪ್ರಶ್ನೆ ಅವಳ ಬಾಯಿಂದ ಬರಲು ಬಹಳ ದಿನ ಒಪ್ಪಲಿಲ್ಲ. ಮೆಟ್ಟಿಲಿನಿಂದ ಬಿದ್ದೆ ಎಂದು ಬಂದ ಹೆಂಗಸು, ಪಕ್ಕದಲ್ಲಿ ಉತ್ತರವನ್ನೆಲ್ಲ ತಾನೇ ಹೇಳುವ ಗಂಡ. ಮೂತ್ರದ ಮಾದರಿ ಬೇಕು ಎಂದು ಆಕೆಯನ್ನು ಒಬ್ಬಳನ್ನೇ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಕೇಳಬೇಕು: 'ಡು ಯು ಫೀಲ್ ಸೇಫ್ ಅಟ್ ಹೋಮ್?' ಆರು ಸಣ್ಣ ಶಬ್ದ, ಒಂದೂ ಕಷ್ಟದ್ದಲ್ಲ. ಊರಿನ ಕ್ಯಾಜುವಾಲ್ಟಿಯಲ್ಲಿ ಮೆಟ್ಟಿಲಿನಿಂದ ಬಿದ್ದವರನ್ನು ಎಷ್ಟೋ ಮಂದಿಯನ್ನು ನೋಡಿದ್ದೆ ಸರ್, ಎಂದಳು. ಒಬ್ಬರನ್ನೂ ಕೇಳಿರಲಿಲ್ಲ. ಆ ಪ್ರಶ್ನೆಯ ಎದುರು, ಜಮಾ ಕಡೆ, ಮನ್ಯಾಗ ನಿಮಗ ಅಂಜಿಕಿ ಐತೇನ್ರಿ, ಎಂದು ಬರೆದಿಟ್ಟಿದ್ದಾಳೆ.

ಕಳೆದ ಭಾನುವಾರ ಆ ಪುಸ್ತಕದಲ್ಲಿ ಬಲಭಾಗ ಖಾಲಿ ಉಳಿದ ಒಂದೇ ಸಾಲಿನ ಬಗ್ಗೆ ಮಾತಾಡಿದೆವು. ಎಡಗಡೆ 'ಸಂಕಟ' ಎಂದಿತ್ತು. ಬೆಂಗಳೂರಿನಲ್ಲೇ ಬರೆದ ಶಬ್ದ. ನಮ್ಮ ರೋಗಿ ಸಂಕಟ ಆಗ್ತಿದೆ ಎಂದರೆ ಅದರಲ್ಲಿ ಓಕರಿಕೆಯೂ ಇದೆ, ಉಸಿರು ಸಿಕ್ಕಿಕೊಂಡದ್ದೂ ಇದೆ, ಏನೋ ಆಗಿಬಿಡುತ್ತದೆ ಎಂಬ ಭಯವೂ ಇದೆ. ಆವತ್ತು ಹಲಗೆಯ ಮೇಲೆ ಮೂರು ನಾಲ್ಕು ಇಂಗ್ಲಿಷ್ ಶಬ್ದ ಬರೆದು ಒರೆಸಿದ್ದೆ, ಒಂದೂ ಕೂಡಲಿಲ್ಲ.

'ಸಿಕ್ತು ಸರ್,' ಎಂದಳು. ಗುರುವಾರ ರಾತ್ರಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು, ನಡೆದುಕೊಂಡೇ ಬಂದವರು. ನೋವಿಲ್ಲ, ಬಿಗಿತವಿಲ್ಲ, ವಾಂತಿಯಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಕೋಟಿನ ಗುಂಡಿಯನ್ನು ಹಾಕುವುದು, ಬಿಚ್ಚುವುದು. ಹಣೆಯ ಮೇಲೆ ಸಣ್ಣಗೆ ಬೆವರು. ಏನಾಗ್ತಿದೆ ಹೇಳಿ ಎಂದು ಇವಳು ಕೇಳಿ, ಪೆನ್ನು ಕೆಳಗಿಟ್ಟು ಕಾದಳು. ಬಹಳ ಹೊತ್ತಿನ ಮೇಲೆ ಆಕೆ ಹೇಳಿದ್ದು, 'ಐ ಜಸ್ಟ್ ಡೋಂಟ್ ಫೀಲ್ ರೈಟ್, ಹೆನ್.'

'ನಾ ಮಾತಾಡಕೋಂತ ನಿಂದ್ರಲಿಲ್ಲ ಸರ್' ಎಂದಳು.